ಷಡ್ಡಕನ ದ್ರಾಕ್ಷಿ ಹೆಂಡ

ರಾಯದುರ್ಗದ ಮುಸಾಫರಿ ಬಂಗಲೆಯ ಅಡುಗೆಮನೆಯಲ್ಲಿ ತಣ್ಣನೆಯ ಜಾಗ ಅಂತ ಇದ್ದದ್ದು ಒಂದೇ, ಬಡಗಣ ಗೋಡೆಯ ಮೂಲೆ. ಹದಿನಾಲ್ಕು ವರ್ಷದಿಂದ ಅಲ್ಲಿ ಅಡುಗೆಯ ಹೊನ್ನೂರಪ್ಪನ ಎರಡು ನೀರಿನ ಹರವಿಗಳು ಕೂತಿದ್ದವು. ಡಿಸೆಂಬರಿನ ಕಡೆಯ ವಾರದಲ್ಲಿ ಒಂದು ಬೆಳಿಗ್ಗೆ ಅವನು ಸಂತೆ ಮುಗಿಸಿಕೊಂಡು ಬಂದು ನೋಡಿದರೆ ಹರವಿಗಳು ಬಾಗಿಲಾಚೆ ಬಿಸಿಲಿನಲ್ಲಿದ್ದವು. ಮೂಲೆಯಲ್ಲಿ ಒದ್ದೆ ಕಂಬಳಿ ಹೊದ್ದುಕೊಂಡು ಹನ್ನೆರಡು ಬಾಟಲಿಗಳು ನಿಂತಿದ್ದವು. ಅವುಗಳ ಪಕ್ಕದಲ್ಲಿ, ಕೂಸಿನ ತೊಟ್ಟಿಲು ಕಾಯುವ ಅಜ್ಜಿಯ ಹಾಗೆ, ಬೊಮ್ಮಯ್ಯ ಕುಕ್ಕರುಗಾಲಿನಲ್ಲಿ ಕೂತಿದ್ದ.

ಬೊಮ್ಮಯ್ಯ ಅವನ ಷಡ್ಡಕ, ಹೆಂಡತಿ ಸುಂಕಮ್ಮನ ತಂಗಿಯ ಗಂಡ. ಮಡಕಶಿರಾದವನು. ಹಿಂದೂಪುರದಲ್ಲಿ ರೈಲು ಹತ್ತಿ, ಗುಂತಕಲ್ಲು ಬಳ್ಳಾರಿ ಸುತ್ತಿ, ಬಾಟಲಿಗಳ ಬುಟ್ಟಿಯನ್ನು ಎರಡು ದಿನ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ.

"ಹಾದೀಲಿ ಬಲೇ ಕುಲುಕವೆ ಕಣಣ್ಣ. ಗಸಿ ಕೆಳಕ್ಕೆ ಕೂರ್ಬೇಕು. ನಾಕು ದಿನ ಯಾರೂ ಮುಟ್ಬಾರ್ದು" ಎಂದ.

"ಮತ್ತ ನನ್ನ ನೀರು?"

"ನೀರಿಗೇನಣ್ಣ. ಎಲ್ಲಿಟ್ರೂ ನೀರೇ."

ಹೊನ್ನೂರಪ್ಪ ಹರವಿಗಳನ್ನು ನೆರಳಿಗೆ ಸರಿಸಿದ. ಆಡದೆ ಉಳಿದ ಮಾತು ಒಳಗೇ ಹುಳಿಯುತ್ತಾ ಹೋಯಿತು.

ಹುಳಿಯುವುದಕ್ಕೆ ಕಾರಣವಿತ್ತು. ಬಂಗಲೆಯಲ್ಲಿ ಎರಡು ವರ್ಷದಿಂದ ಬಿಡಾರ ಮಾಡಿದ್ದ ಇಂಜಿನಿಯರ್ ದೊರೆಗೆ ಬಡ್ತಿಯ ಮೇಲೆ ಬಳ್ಳಾರಿಗೆ ವರ್ಗವಾಗಿತ್ತು. ಹೊಸ ವರ್ಷದ ದಿನ ಮಧ್ಯಾಹ್ನ ಬೀಳ್ಕೊಡುಗೆಯ ಊಟ, ಮಾರನೆಯ ದಿನ ರೈಲು. ಹೋಗುವಾಗ ಇಲ್ಲಿಂದ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ, ಬಳ್ಳಾರಿಯ ದೊಡ್ಡ ಬಂಗಲೆಯ ಅಡುಗೆಮನೆ, ಉಗ್ರಾಣ ಎರಡನ್ನೂ ಅವನ ಕೈಗೆ ಕೊಡುವುದಾಗಿ ದೊರೆ ಹೇಳಿದ್ದರು. ಆ ಒಬ್ಬ ಯಾರು ಎಂದು ರಾಯದುರ್ಗದಲ್ಲಿ ಯಾರೂ ಕೇಳಿರಲಿಲ್ಲ, ಏಕೆಂದರೆ ಎಲ್ಲರಿಗೂ ಗೊತ್ತಿತ್ತು. ಸುಂಕಮ್ಮ ಆಗಲೇ ಬಳ್ಳಾರಿಯ ಮನೆಗೆಂದು ಹೊಸ ಕಸಬರಿಗೆ ಕಟ್ಟಿಟ್ಟಿದ್ದಳು.

ಅಷ್ಟರಲ್ಲಿ ದೊರೆ ದೀಪಾವಳಿಯ ರಜೆಗೆ ಮಡಕಶಿರಾಕ್ಕೆ ಹೋಗಿ ಬಂದರು. ಅಲ್ಲಿ, ಅಗಳಿ ಎಂಬ ಊರಿನ ದಾರಿಯಲ್ಲಿ, ನೌಕರಿ ಮುಗಿಸಿ ನೆಲೆನಿಂತ ಅವರ ಮುದಿ ಸ್ನೇಹಿತರೊಬ್ಬರ ತೋಟವಿತ್ತು. ಬಾವಿ ತೋಡಿಸಿ ಕಪ್ಪು ದ್ರಾಕ್ಷಿ ಹಾಕಿಸಿದ್ದರು, ಸರ್ಕಾರದ ಪರವಾನಗಿ ತಂದು ಕೆಂಪು ವೈನು ಇಳಿಸುತ್ತಿದ್ದರು. ಮುದುಕರ ಕಣ್ಣು ಮಂಜಾದ ಮೇಲೆ, ಗೊಂಚಲು ಕೊಯ್ಯುವುದರಿಂದ ಹಿಡಿದು ಬಾಟಲಿಗೆ ಬಿರಡೆ ಬಡಿಯುವ ತನಕ ಎಲ್ಲ ತೋಟದಾಳು ಬೊಮ್ಮಯ್ಯನದೇ. ಸಿಪ್ಪೆ, ಬೀಜ ಸಮೇತ ತುಳಿದು, ಮಣ್ಣಿನ ಗುಡಾಣದಲ್ಲಿ ಕೊಳೆಹಾಕಿ, ಹೊತ್ತು ಹೊತ್ತಿಗೆ ಕೋಲಾಡಿಸಿ, ಸೋಸಿ, ಎರಡು ವರ್ಷ ಕತ್ತಲಲ್ಲಿಟ್ಟು ತೆಗೆಯುತ್ತಿದ್ದ. ಬಿಸಿಲಿಗೆ ಹಿಡಿದರೂ ಬೆಳಕು ದಾಟದ ಕೆಂಪು. ಊರವರು ಅದಕ್ಕೆ ದ್ರಾಕ್ಷಿ ಹೆಂಡ ಅಂತಲೇ ಕರೆಯುತ್ತಿದ್ದರು. ದೊರೆ ಅದನ್ನು ಕುಡಿದು ಬಂದವರು ದಿನಕ್ಕೆ ಮೂರು ಸಲ ಬೊಮ್ಮಯ್ಯನ ಹೆಸರೆತ್ತತೊಡಗಿದರು. ಇಂಥ ಗಂಡಸಿನಂಥ ವೈನು ಈ ಸೀಮೆಯಲ್ಲಿ ಹುಟ್ಟುತ್ತದೆಂದು ತಮಗೆ ಗೊತ್ತಿರಲಿಲ್ಲ, ಬೀಳ್ಕೊಡುಗೆಯ ಊಟಕ್ಕೆ ಅದೇ ಬೇಕು, ಅದನ್ನು ಮಾಡಿದವನೇ ಬಂದು ಬಡಿಸಬೇಕು ಎಂದು ಕಾಗದ ಬರೆಸಿದರು. ಅದನ್ನು ಬರೆದ ಗುಮಾಸ್ತ ಹೊನ್ನೂರಪ್ಪನನ್ನು ಕಂಡಾಗ, ಬಳ್ಳಾರಿಗೆ ಹೋಗುವವನು ನೀನೋ ನಿನ್ನ ಷಡ್ಡಕನೋ ಎಂದು ನಕ್ಕು ಕೇಳಿದ್ದ.

ನಗುತ್ತ ಕೇಳಿದ ಮಾತೇ ಹೆಚ್ಚು ದಿನ ಉಳಿಯುವುದು.

ಹೊನ್ನೂರಪ್ಪ ಅಡುಗೆಯ ರುಚಿ ನೋಡುತ್ತಿರಲಿಲ್ಲ. ಇದನ್ನು ಮೊದಲು ಕೇಳಿದವರು ನಂಬುತ್ತಿರಲಿಲ್ಲ. ಬಡಿಸುವ ಮೊದಲು ನಾಲಿಗೆಗೆ ಹಚ್ಚಿದರೆ ಅದು ಎಂಜಲು, ದೇವರಿಗಾಗಲಿ ದೊರೆಗಾಗಲಿ ಎಂಜಲು ಇಡಬಾರದು ಎಂದು ಅವನ ತಾಯಿ ಕಲಿಸಿದ್ದಳು. ಉಪ್ಪು ಸಾಕಾಯಿತೋ ಇಲ್ಲವೋ ಎನ್ನುವುದನ್ನು ಆವಿಯ ವಾಸನೆಯಿಂದ ಹೇಳುತ್ತಿದ್ದ, ಮಾಂಸ ಬೆಂದದ್ದನ್ನು ಸೌಟು ತಳಕ್ಕೆ ತಾಗುವ ಸದ್ದಿನಿಂದ. ಹದಿನಾಲ್ಕು ವರ್ಷದಲ್ಲಿ ಒಂದು ಪಾತ್ರೆಯೂ ವಾಪಸು ಬಂದಿರಲಿಲ್ಲ. ಅದರಲ್ಲೂ ಅವನ ಕೆಂಪು ಖಾರದ ಕುರಿ ಮಾಂಸ: ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದು ಎಣ್ಣೆ ಬಿಡುವ ತನಕ ಹುರಿದದ್ದು. ಅದನ್ನು ತಿಂದ ಬಿಳಿಯರು ಮೂಗು ಒರೆಸಿಕೊಳ್ಳುತ್ತ ಇನ್ನೊಮ್ಮೆ ಹಾಕಿಸಿಕೊಳ್ಳುತ್ತಿದ್ದರು.

ಬೊಮ್ಮಯ್ಯನೋ, ಎಲ್ಲಕ್ಕೂ ನಾಲಿಗೆ. ಬಂದ ಮಾರನೆಯ ದಿನ, ಪರೀಕ್ಷೆಗೆಂದು ಒಂದು ಬಾಟಲಿ ಬಿಚ್ಚಿ ಗಾಜಿನ ಲೋಟಕ್ಕೆ ಬೆರಳಷ್ಟು ಸುರಿದ. ಅದರೊಳಗೆ ಮೂಗು ಇಟ್ಟ. ಬಾಯಿಗೆ ಹಾಕಿಕೊಂಡು, ಬುಳುಬುಳು ಮುಕ್ಕಳಿಸಿ, ಹಿತ್ತಿಲ ಬಾಗಿಲಿಗೆ ಹೋಗಿ ಉಗುಳಿ ಬಂದ. ಕುಡಿಯುವುದೂ ಅಲ್ಲ, ಬಿಡುವುದೂ ಅಲ್ಲ. ತಾನು ದಿನಾ ಸೆಗಣಿ ಹಾಕಿ ಸಾರಿಸುವ ಜಾಗಕ್ಕೆ ಕೆಂಪಗೆ ಉಗುಳಿದ್ದನ್ನು ಹೊನ್ನೂರಪ್ಪ ನೋಡುತ್ತ ನಿಂತ. ಆಮೇಲೆ ಬೊಮ್ಮಯ್ಯ ಒಲೆಯ ಹತ್ತಿರ ಬಂದು, ಊಟಕ್ಕೆ ಏನೇನು ಮಾಡುತ್ತೀ ಎಂದು ಕೇಳಿದ. ಕುರಿ ಮಾಂಸ ಎರಡು ಬಗೆ, ಎರಡಕ್ಕೂ ಖಾರ ಜೋರು ಎಂದು ಹೊನ್ನೂರಪ್ಪ ಹೇಳಿದ. ಅದರಲ್ಲಿ ಕೇಳುವುದೇನಿದೆ? ಹೆಂಡಕ್ಕೆ ಖಾರ ಎನ್ನುವುದು ಹಾದಿಯಲ್ಲಿ ಹೋಗುವವರಿಗೂ ಗೊತ್ತು. ಈಚಲ ಹೆಂಡದ ಗಡಿಗೆಯ ಮುಂದೆ ಕೂತವರು ಉಪ್ಪು ಹಚ್ಚಿದ ಹಸಿಮೆಣಸಿನಕಾಯಿ, ಖಾರ ಸವರಿ ಸುಟ್ಟ ಕರುಳು ಬಿಟ್ಟು ಇನ್ನೇನು ತಿಂದಾರು?

ಬೊಮ್ಮಯ್ಯ ಕತ್ತು ಕೆರೆದುಕೊಂಡ.

"ಖಾರ ಒಸಿ ಕಮ್ಮಿ ಮಾಡಣ್ಣ. ಇದು ಆ ಹೆಂಡ ಅಲ್ಲ. ಖಾರದ ಜೊತೆ ಸೇರಿದ್ರೆ ಮುನಿಸ್ಕಂತೈತೆ."

"ನನಗ ಅಡಿಗಿ ಕಲಸಾಕ ಬಂದಿಯೇನು?"

"ಹಂಗಲ್ಲಣ್ಣ…"

"ನಿನ್ನ ಬಾಟ್ಲಿ ನೀ ನೋಡ್ಕ. ನನ್ನ ಒಲಿ ನಾ ನೋಡ್ಕಂತೀನಿ."

ಬೊಮ್ಮಯ್ಯ ತನ್ನ ಬಾಟಲಿಗಳ ಹತ್ತಿರ ಹೋಗಿ ಕೂತ. ಆದರೆ ಹೊನ್ನೂರಪ್ಪನ ತಲೆಯಲ್ಲಿ ಆ ಮಾತು ಇಲಿಯ ಹಾಗೆ ಓಡಾಡತೊಡಗಿತು. ಇವನು ಯಾಕೆ ಹೀಗೆ ಹೇಳಿದ? ಖಾರವಿಲ್ಲದ ಸಪ್ಪೆ ಮಾಂಸ ತಟ್ಟೆಯಲ್ಲಿದ್ದರೆ ದೊರೆಯ ನಾಲಿಗೆಗೆ ಉಳಿಯುವುದು ಏನು? ವೈನು. ಅಡುಗೆಯವನನ್ನು ಮಂಕು ಮಾಡಿ ತಾನು ಬೆಳಗುವ ಉಪಾಯ. ಇದು ಹೊಳೆದಾಗ ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವಾಯಿತು. ಷಡ್ಡಕ ಕೆಟ್ಟವನೆಂದು ಗೊತ್ತಾದರೆ ಅವನ ಮೇಲೆ ಉರಿಯುವುದು ಸುಲಭ.

ಮನೆಗೆ ಹೋದರೆ ಅಲ್ಲೂ ಅವನೇ. ಸುಂಕಮ್ಮ ತಂಗಿಯ ಗಂಡ ಬಂದನೆಂದು ಕುರಿ ಮಾಂಸ ತರಿಸಿ, ತನ್ನ ತವರಿನ ರೀತಿಯಲ್ಲಿ ಬೇಯಿಸಿದ್ದಳು. ಅವಳ ಅಪ್ಪ ದೊಡ್ಡಬೀರಪ್ಪ ಡಿ. ಹಿರೇಹಾಳಿನ ಕುರಿಗಾರ. ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಅಡವಿಯಲ್ಲಿ ಇರುವವರ ಗಂಟಿನಲ್ಲಿ ಮಸಾಲೆ ಎಲ್ಲಿಂದ ಬರಬೇಕು? ಉಪ್ಪು ಒಂದೇ. ಮೂಳೆ, ಕೊಬ್ಬು ಸಮೇತ ಮಾಂಸವನ್ನು ಉಪ್ಪು ಹಾಕಿ, ಮುಚ್ಚಳದ ಸುತ್ತ ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ಅರ್ಧ ದಿನ ಇಡುತ್ತಾರೆ. ಮೂಳೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಇದನ್ನು ಹೊನ್ನೂರಪ್ಪ ಅಡುಗೆ ಎಂದೇ ಎಣಿಸಿರಲಿಲ್ಲ.

ಬೊಮ್ಮಯ್ಯ ಬಿಚ್ಚಿದ ಬಾಟಲಿಯನ್ನು ಜೊತೆಗೆ ತಂದಿದ್ದ. ಲೋಟಕ್ಕೆ ಒಂದಿಷ್ಟು ಸುರಿದುಕೊಂಡ, ಒಂದು ತುಂಡು ಮಾಂಸ ತಿಂದ, ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಈ ಸಲ ಉಗುಳಲಿಲ್ಲ. ಗೋಡೆಗೆ ಒರಗಿ, ಯಾರೋ ದೂರದಲ್ಲಿ ತನ್ನ ಹೆಸರು ಹಿಡಿದು ಕರೆಯುತ್ತಿದ್ದಾರೆ ಎನ್ನುವವನ ಹಾಗೆ ಸುಮ್ಮನೆ ಕೂತ. ಆಮೇಲೆ, ಅಕ್ಕ, ಇಂಥ ಬಾಡು ತಿಂದು ಎಷ್ಟು ಕಾಲವಾಯಿತು ಎಂದ. ಸುಂಕಮ್ಮನ ಮುಖ ಅರಳಿತು. ಗಂಡನ ಕಡೆ ತಿರುಗಿ ಹೇಳಿದಳು:

"ನೋಡ್ರಿ, ನಾಲಿಗಿ ಅಂದ್ರ ಇದು. ನೀವು ಹದಿನಾಕು ವರ್ಷ ಉಂಡ್ರೂ ಒಂದಿನ ಹಿಂಗ ಕಣ್ಣು ಮುಚ್ಚಿಲ್ಲ."

"ನಾ ಉಣ್ಣಾಗ ಕಣ್ಣು ತಕ್ಕೊಂಡ ಉಣ್ತೀನಿ" ಎಂದು ಹೊನ್ನೂರಪ್ಪ ಎದ್ದು ಕೈ ತೊಳೆದ. ನೀರು ಹಾಕಲು ಅವಳು ಬರಲಿಲ್ಲ, ಬೊಮ್ಮಯ್ಯನಿಗೆ ಮೂಳೆ ಹಾಕುತ್ತಿದ್ದಳು.

ಆ ಮುಚ್ಚಿದ ಕಣ್ಣು ಅವನನ್ನು ಬಿಡಲಿಲ್ಲ. ಬೊಮ್ಮಯ್ಯನಿಗೆ ಏನು ಕಂಡಿತು? ತನಗೆ ಕಾಣದ್ದು ಏನಿತ್ತು ಅದರಲ್ಲಿ? ಎರಡು ದಿನ ಒಲೆಯ ಮುಂದೆ ಇದನ್ನೇ ಯೋಚಿಸಿದ. ಮೂರನೆಯ ದಿನ ಮಧ್ಯಾಹ್ನ, ದೊರೆ ಕೆರೆಯ ಕೆಲಸ ನೋಡಲು ಹೋಗಿದ್ದರು, ಬೊಮ್ಮಯ್ಯ ಮನೆಯಲ್ಲಿ ನಿದ್ದೆ ಮಾಡುತ್ತಿದ್ದ, ಅಡುಗೆಮನೆಯಲ್ಲಿ ನೊಣದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹೊನ್ನೂರಪ್ಪ ಬಾಗಿಲಿಗೆ ಅಗಳಿ ಹಾಕಿದ. ಹಾಕಿದ ಮೇಲೆ ತಾನು ಅಗಳಿ ಹಾಕಿದ್ದಕ್ಕೇ ನಾಚಿಕೆಯಾಯಿತು. ಬೊಮ್ಮಯ್ಯ ಮನೆಯಿಂದ ವಾಪಸು ತಂದು ಮೂಲೆಯಲ್ಲಿಟ್ಟಿದ್ದ ಬಿಚ್ಚಿದ ಬಾಟಲಿಯಲ್ಲಿ ಉಳಿದಿದ್ದನ್ನು ಒಂದಿಷ್ಟು ಲೋಟಕ್ಕೆ ಬಗ್ಗಿಸಿದ. ಇದು ತಾನು ಮಾಡಿದ ಅಡುಗೆಯಲ್ಲ, ಬಡಿಸುವವನು ತಾನಲ್ಲ, ಆದ್ದರಿಂದ ಇದು ಎಂಜಲಾಗುವುದಿಲ್ಲ ಎಂದು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡು, ಕುಡಿದ.

ಒಗರು. ಹುಣಸೆ ಬೀಜದ ಸಿಪ್ಪೆ ಅಗಿದ ಹಾಗೆ ನಾಲಿಗೆ, ದವಡೆ ಎಲ್ಲ ಬಿಗಿದುಕೊಂಡವು. ಇದಕ್ಕೆ ಇಷ್ಟು ಹೆಸರೇ ಎಂದು ಒಳಗೊಳಗೆ ಹಿಗ್ಗಿದ. ದೊರೆಯ ರಾತ್ರಿಯ ಊಟಕ್ಕೆ ಹುರಿದಿಟ್ಟಿದ್ದ ತನ್ನ ಕೆಂಪು ಮಾಂಸದ ಒಂದು ತುಂಡನ್ನು, ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಬಾಯಿಗೆ ಹಾಕಿಕೊಂಡ. ಚೆನ್ನಾಗಿತ್ತು. ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಅದರ ಮೇಲೆ ಇನ್ನೊಂದು ಗುಟುಕು ಕುಡಿದ.

ಬಾಯಿಗೆ ಕೆಂಡ ಬಿದ್ದಂತಾಯಿತು. ಖಾರ ಇಮ್ಮಡಿಯಾಗಿ ಗಂಟಲಿಗೆ ಹೊಡೆಯಿತು. ವೈನು ಕಬ್ಬಿಣದ ತುಕ್ಕಿನ ಹಾಗೆ ಕಹಿಯಾಯಿತು. ಎರಡೂ ಕೆಟ್ಟವು. ಒಂದೊಂದೇ ಇದ್ದಾಗ ಮರ್ಯಾದೆಯಲ್ಲಿದ್ದ ಇಬ್ಬರು ಒಂದೇ ಜಗಲಿಯ ಮೇಲೆ ಕೂತು ಬೈದಾಡಿಕೊಂಡ ಹಾಗೆ.

ಹೊನ್ನೂರಪ್ಪ ಮಜ್ಜಿಗೆ ಕುಡಿದು, ಬಾಯಿ ತಣ್ಣಗಾಗುವ ತನಕ ಕಾದ. ಸುಂಕಮ್ಮ ಹಿಂದಿನ ರಾತ್ರಿ ಮತ್ತೆ ಬೇಯಿಸಿ ಬುತ್ತಿಗೆ ಕಟ್ಟಿಕೊಟ್ಟಿದ್ದ ತವರಿನ ಮಾಂಸ ಬಟ್ಟಲಲ್ಲಿತ್ತು. ಕೊಬ್ಬು ಬೆಳ್ಳಗೆ ಗಟ್ಟಿಯಾಗಿತ್ತು. ಬಿಸಿ ಮಾಡಿ ತಿಂದ. ಕುಡಿದ.

ಅದೇ ಬಾಟಲಿ, ಅದೇ ಲೋಟ. ಒಗರು ಎಲ್ಲಿ ಹೋಯಿತೋ. ಕೊಬ್ಬು, ಉಪ್ಪು ಅದನ್ನು ಮೈಮೇಲೆ ಎಳೆದುಕೊಂಡು ಕರಗಿಸಿಬಿಟ್ಟಿದ್ದವು. ಉಳಿದದ್ದು ಬಿಸಿಲಿಗೆ ಬೆಂದ ನೇರಳೆ ಹಣ್ಣಿನ ವಾಸನೆ, ಮೊದಲ ಮಳೆಯ ಎರೆಮಣ್ಣಿನ ವಾಸನೆ. ಮಾಂಸವೂ ಒಂದು ಮೆಟ್ಟಿಲು ಮೇಲೆ ಹತ್ತಿದಂತಿತ್ತು. ತನಗೆ ಗೊತ್ತಿಲ್ಲದೆಯೇ ಅವನು ಕಣ್ಣು ಮುಚ್ಚಿದ್ದ.

ಕಣ್ಣು ತೆರೆದಾಗ ಹೊಟ್ಟೆಯೊಳಗೆ ಉರಿ ಎದ್ದಿತು, ಖಾರದ್ದಲ್ಲ. ಬೊಮ್ಮಯ್ಯ ಹೇಳಿದ್ದು ನಿಜವಾಗಿತ್ತು. ಅದರಲ್ಲಿ ಉಪಾಯವೇ ಇರಲಿಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬರೀ ನಾಲಿಗೆಯಿಂದ ಅವನು ಕಂಡುಕೊಂಡದ್ದನ್ನು ತಾನು ಇಷ್ಟು ವರ್ಷ ಮೂಗಿನಿಂದ, ಸೌಟಿನಿಂದ ಕಂಡಿರಲಿಲ್ಲ. ಬಳ್ಳಾರಿಯ ಅಡುಗೆಮನೆಗೆ ಯಾರು ಯೋಗ್ಯರು ಎಂದು ಆ ದೊರೆ ಈಗ ಬಂದು ಕೇಳಿದರೆ, ನಿಜ ಹೇಳುವುದಾದರೆ, ತಾನು ಯಾರ ಹೆಸರು ಹೇಳಬೇಕು?

ಅವನು ಲೋಟ ತೊಳೆದ. ಬಾಯಿ ಏಳು ಸಲ ಮುಕ್ಕಳಿಸಿದ. ಅಗಳಿ ತೆಗೆದ. ತೆಗೆಯುವಾಗಲೇ ಇನ್ನೊಂದು ಯೋಚನೆ ಬಂದು ಬಾಗಿಲಲ್ಲಿ ನಿಂತಿತು. ಈ ವೈನನ್ನು ಮೆರೆಸುವುದು ಹೇಗೆಂದು ತನಗೆ ಈಗ ಗೊತ್ತು. ಹಾಗೆಯೇ ಕೆಡಿಸುವುದು ಹೇಗೆಂದೂ ಗೊತ್ತು. ಕೆಡಿಸಲು ತಾನು ಏನೂ ಮಾಡಬೇಕಾಗಿಲ್ಲ. ಮೊದಲೇ ಹೇಳಿದ್ದ ಅಡುಗೆಯನ್ನೇ ಮಾಡಿದರೆ ಸಾಕು. ನಾಳೆ ಯಾರು ಕೇಳಿದರೂ, ಹೆಂಡಕ್ಕೆ ಖಾರ ಎಂದುಕೊಂಡೆ ಎನ್ನಬಹುದು. ಅದನ್ನು ಸುಳ್ಳೆನ್ನುವವರು ಯಾರು?

ಹೊಸ ವರ್ಷದ ದಿನ ಅವನು ಬೆಳಗಿನ ಜಾವವೇ ಎರಡು ಬೋಗಾಣಿ ಏರಿಸಿದ. ಮೊದಲನೆಯದರಲ್ಲಿ ಕೆಂಪು ಮಾಂಸ. ಎರಡನೆಯದರಲ್ಲಿ ಮುಂಗಾಲಿನ ದೊಡ್ಡ ತುಂಡುಗಳನ್ನು ಉಪ್ಪು ಹಾಕಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ ಬೇಯಲು ಇಟ್ಟ. ಅದು ಬೆಂದ ಮೇಲೆ ಬೆರೆಸಲೆಂದು ಮೆಣಸಿನಕಾಯಿ ಅರೆದು, ತೆಂಗಿನಕಾಯಿಯಷ್ಟು ದೊಡ್ಡ ಖಾರದ ಉಂಡೆ ಮಾಡಿ ಕಲ್ಲಿನ ಮೇಲೆ ಇಟ್ಟ. ಸುಟ್ಟು ಹಿಸುಕಿದ ಬದನೆಕಾಯಿಯೂ, ತೆಳ್ಳನೆಯ ಜೋಳದ ರೊಟ್ಟಿಯೂ, ಬೆಣ್ಣೆಯೂ ಇದ್ದವು.

ಮೇಜಿಗೆ ದೊರೆ, ದೊರೆಸಾನಿ, ಗುಂತಕಲ್ಲಿನಿಂದ ಬಂದ ರೈಲ್ವೆ ದೊರೆ ಮತ್ತು ಅವರ ಹೆಂಡತಿ. ಬೊಮ್ಮಯ್ಯ ಗುಮಾಸ್ತನಿಂದ ಕಡ ತಂದ ಬಿಳಿ ಕೋಟು ತೊಟ್ಟು ಬಾಟಲಿ ಹಿಡಿದಿದ್ದ. ಕೋಟಿನ ತೋಳು ಮೊಣಕೈಯಿಂದ ನಾಲ್ಕೇ ಬೆರಳು ಕೆಳಗಿತ್ತು. ಹೊನ್ನೂರಪ್ಪ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತ. ದೊರೆ ಅತಿಥಿಗಳಿಗೆ ವೈನಿನ ಗುಣಗಾನ ಮಾಡುತ್ತಿದ್ದುದು ಕೇಳಿಸಿತು. ಭಾಷೆ ಇಂಗ್ಲಿಷು, ಆದರೆ ಮಡಕಶಿರಾ ಎನ್ನುವುದು, ಬೊಮ್ಮಯ್ಯ ಎನ್ನುವುದು ಯಾವ ಭಾಷೆಯಲ್ಲೂ ಅದೇ.

ಕೆಂಪು ಮಾಂಸ ಹೋಯಿತು. ನಾಲ್ವರೂ ತಿಂದರು. ನಾಲ್ವರೂ ಕುಡಿದರು.

ರೈಲ್ವೆ ದೊರೆ ಕೆಮ್ಮಿದರು. ಗ್ಲಾಸನ್ನು ಕಿಟಕಿಯ ಕಡೆ ಎತ್ತಿ ನೋಡಿ ಏನೋ ಹೇಳಿದರು, ಹೆಂಗಸರು ನಕ್ಕರು. ಇದು ಆಫೀಸಿನ ಮಸಿ ಇರಬೇಕು ಎಂದರಂತೆ, ಹಾಗೆಂದು ಜವಾನ ಓಬಯ್ಯ ತಟ್ಟೆ ತರಲು ಬಂದವನು ಹೇಳಿದ. ದೊರೆಸಾನಿ ಗ್ಲಾಸನ್ನು ದೂರ ಸರಿಸಿ ನೀರು ಕೇಳಿದರು. ದೊರೆ ಇನ್ನೊಮ್ಮೆ ಕುಡಿದು ನೋಡಿದರು, ಕಿವಿ ಕೆಂಪಾಯಿತು. ಬೊಮ್ಮಯ್ಯನ ಮುಖ ನೋಡಿದರು.

ಹೊನ್ನೂರಪ್ಪನ ಎದೆಯೊಳಗೆ ತಣ್ಣಗಾಯಿತು. ಸುಳ್ಳು ಹೇಳಬಾರದು, ಆ ಗಳಿಗೆ ಅವನಿಗೆ ಬಲು ಹಿತವಾಗಿತ್ತು. ತಿಂಗಳುಗಟ್ಟಲೆ ಕಾಲಲ್ಲಿದ್ದ ಮುಳ್ಳು ಹೊರಬಂದ ಹಾಗೆ. ಇನ್ನು ಉಳಿದದ್ದು ಒಂದೇ ಕೆಲಸ. ಅವನು ಒಲೆಯ ಹತ್ತಿರ ಹೋಗಿ ಎರಡನೆಯ ಬೋಗಾಣಿಯ ಹಿಟ್ಟು ಬಿಡಿಸಿ ಮುಚ್ಚಳ ತೆಗೆದ, ಖಾರದ ಉಂಡೆಗೆ ಕೈ ಹಾಕಿದ.

ಬೊಮ್ಮಯ್ಯ ಒಳಗೆ ಬಂದ. ಹೊನ್ನೂರಪ್ಪ ಜಗಳಕ್ಕೆ ಸಿದ್ಧನಾಗಿದ್ದ. ಖಾರ ಹಾಕಬೇಡ ಎಂದಿದ್ದೆನಲ್ಲ ಎಂದು ಅವನು ಕೂಗಿದರೆ ಏನು ಹೇಳಬೇಕು ಎನ್ನುವುದನ್ನು ಎರಡು ದಿನದಿಂದ ಜೋಡಿಸಿಟ್ಟಿದ್ದ. ಬೊಮ್ಮಯ್ಯ ಕೂಗಲಿಲ್ಲ. ಬಾಟಲಿಯನ್ನು ನೆಲಕ್ಕೆ ಇಟ್ಟು ಅದರ ಮುಂದೆ ಕೂತ.

"ಕೆಟ್ಟೋಗೈತೆ ಕಣಣ್ಣ. ನಂದೇ ತಪ್ಪು. ರೈಲಿನ ಬಿಸಿ ತಾಗೈತೆ, ಇಲ್ಲಾಂದ್ರೆ ಬಿರಡೆ ಸರಿ ಹೊಡ್ದಿಲ್ಲ ನಾನು. ಎಲ್ಡು ವರ್ಷ ಕಾದು ತಂದು ದೊರೆ ಮಾನ ಕಳ್ದೆ."

ಹೊನ್ನೂರಪ್ಪ ಉಂಡೆಯ ಮೇಲೆ ಇಟ್ಟ ಕೈಯನ್ನು ತೆಗೆಯಲೂ ಇಲ್ಲ, ಉಂಡೆಯನ್ನು ಎತ್ತಲೂ ಇಲ್ಲ.

"ನಿನ್ ಅಡಿಗೆ ಚೆನ್ನಾಗೈತೆ ಅಣ್ಣ, ಅದನ್ನೇ ತಿಂತಾವ್ರೆ. ನಾನು ಹೋಗಿ, ಬಾಟ್ಲಿ ಕೆಟ್ಟವೆ, ತಗಂಡೋಯ್ತೀನಿ ಅಂತ ಕೈಮುಗ್ದು ಬತ್ತೀನಿ."

ಅವನು ಎದ್ದ. ತಪ್ಪನ್ನು ಇನ್ನೊಬ್ಬನ ಮೇಲೆ ಹಾಕುವ ದಾರಿ ಕಣ್ಣ ಮುಂದೆಯೇ ಇದ್ದರೂ ಅವನಿಗೆ ಅದು ಕಂಡಿರಲಿಲ್ಲ. ತನ್ನ ವೈನನ್ನು ತಾನೇ ಅಷ್ಟು ಬೇಗ ಅನುಮಾನಿಸಿದ್ದ. ಹೊನ್ನೂರಪ್ಪನಿಗೆ ಆ ಮುಖದ ಗುರುತು ಹತ್ತಿತು. ಪ್ರತಿ ಸಲ ತಟ್ಟೆ ಹೊರಗೆ ಹೋದ ಮೇಲೆ ಬಾಗಿಲ ಸಂದಿಯಲ್ಲಿ ನಿಂತು, ಈ ಸಲ ವಾಪಸು ಬರುತ್ತದೆ, ಈ ಸಲ ಖಂಡಿತ ವಾಪಸು ಬರುತ್ತದೆ ಎಂದು ಕಾಯುವ ಮುಖ ಅದು. ತನ್ನದೇ.

"ನಿಂದ್ರು" ಎಂದ. "ಇದನ್ನ ಕಳಿಸಿ ನೋಡಾಣ. ಆಮ್ಯಾಲ ಹೋಗುವಂತಿ."

ಉಂಡೆ ಕಲ್ಲಿನ ಮೇಲೆ ಇದ್ದ ಹಾಗೇ ಉಳಿಯಿತು. ಮಾಂಸವನ್ನು ಹಾಗೆಯೇ ತಟ್ಟೆಗೆ ತೆಗೆದ. ಕರಗಿದ ಕೊಬ್ಬನ್ನು ಮೇಲೆ ಸುರಿದ. ರೊಟ್ಟಿಗೆ ಬೆಣ್ಣೆ ಹಚ್ಚಿ, ಸುಟ್ಟ ಬದನೆಕಾಯಿಗೆ ಉಪ್ಪು ಬಿಟ್ಟು ಏನೂ ಹಾಕದೆ ಪಕ್ಕಕ್ಕಿಟ್ಟ. ಬಾಯಿಯ ಉರಿ ಆರಲೆಂದು ಮೊದಲು ಒಂದೊಂದು ಬಟ್ಟಲು ಗಟ್ಟಿ ಮೊಸರು ಕಳಿಸಿದ. ಆಮೇಲೆ ಮಾಂಸ.

ಬಾಗಿಲ ಸಂದಿಯಲ್ಲಿ ಈಗ ಇಬ್ಬರಿದ್ದರು. ದೊರೆಸಾನಿ ಅಭ್ಯಾಸಬಲದಿಂದ ಗ್ಲಾಸಿಗೆ ಕೈಹಾಕಿ, ತುಟಿಗೆ ತಾಗಿಸಿ, ಸ್ವಲ್ಪ ತಡೆದು, ಮತ್ತೆ ಕುಡಿದರು. ರೈಲ್ವೆ ದೊರೆ ಅವರನ್ನು ನೋಡಿ ತಮ್ಮದನ್ನು ಎತ್ತಿದರು. ಮಸಿ ಎಂದವರು ಗ್ಲಾಸು ಖಾಲಿ ಮಾಡಿ ಓಬಯ್ಯನ ಕಡೆ ಚಾಚಿದರು. ಬೊಮ್ಮಯ್ಯ ಹೊನ್ನೂರಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದ. ಬಾಟಲಿ ಕೆಟ್ಟಿರಲಿಲ್ಲ. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಊಟ ಮುಗಿದಾಗ ದೊರೆ ಇಬ್ಬರನ್ನೂ ಕರೆಸಿದರು. ಪರೀಕ್ಷೆಗೆ ಓದಿ ಪಾಸು ಮಾಡಿದ ತೆಲುಗಿನಲ್ಲಿ, ನಿಧಾನವಾಗಿ, ಅತಿಥಿಗಳಿಗೆ ಇಂಗ್ಲಿಷಿನಲ್ಲೂ ಬಿಡಿಸಿ ಹೇಳುತ್ತ ಮಾತಾಡಿದರು. ವೈನು ಬಲಶಾಲಿ ಎಂದು ತಮಗೆ ಗೊತ್ತಿತ್ತು, ಆದರೆ ಹೊನ್ನೂರಪ್ಪನಂಥ ಚತುರನನ್ನು ತಾವು ಕಂಡಿರಲಿಲ್ಲ. ಮೊದಲ ತಟ್ಟೆಯಿಂದ ಹೋರಿಯನ್ನು ಕೆಣಕಿ ಅದರ ಕೊಂಬು ತೋರಿಸಿದ, ಎರಡನೆಯದರಿಂದ ಅದೇ ಹೋರಿಗೆ ಮೂಗುದಾರ ಹಾಕಿ ಮನೆಯೊಳಗೆ ನಡೆಸಿಕೊಂಡು ಬಂದ. ಅತಿಥಿಗಳು ಚಪ್ಪಾಳೆ ತಟ್ಟಿದರು. ವೈನನ್ನು ಬುಟ್ಟಿಯಲ್ಲಿ ತರಿಸಿಕೊಳ್ಳಬಹುದು, ಅದನ್ನು ಹೀಗೆ ಅರಿತವನು ಮನೆಯಲ್ಲೇ ಇರಬೇಕು, ನಾಳೆಯ ರೈಲಿಗೆ ಗಂಟು ಕಟ್ಟು ಎಂದರು. ಬೊಮ್ಮಯ್ಯನ ಬೆನ್ನು ತಟ್ಟಿ, ವರ್ಷಕ್ಕೆ ಹನ್ನೆರಡು ಬಾಟಲಿ ಬಳ್ಳಾರಿಗೆ ಕಳಿಸು ಎಂದರು.

ಹೊನ್ನೂರಪ್ಪ ಕೈಮುಗಿದ. ಮುಗಿದ ಕೈಯನ್ನು ಬಿಡಿಸುವುದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ.

ಅಡುಗೆಮನೆಗೆ ಬಂದಾಗ ಬೊಮ್ಮಯ್ಯ ನಗುತ್ತಲೇ ಇದ್ದ. ಕೋಟು ಬಿಚ್ಚಿ ಮಡಿಸುತ್ತಾ, ಹೋರಿಯಂತೆ, ಮೂಗುದಾರವಂತೆ ಎಂದು ತನಗೆ ತಾನೇ ಹೇಳಿಕೊಂಡ. ಮಡಿಸಿದ್ದನ್ನು ಇಡಲು ಜಾಗ ಹುಡುಕಿದವನ ಕಣ್ಣು ಅರೆಯುವ ಕಲ್ಲಿನ ಮೇಲೆ ಬಿತ್ತು. ಕೆಂಪಗೆ, ದುಂಡಗೆ, ಖಾರದ ಉಂಡೆ. ಒಂದು ಬದಿಯಲ್ಲಿ ಐದು ಬೆರಳಿನ ಗುರುತು.

ನಗು ಸ್ವಲ್ಪ ಹೊತ್ತು ಮುಖದ ಮೇಲೆ ಹಾಗೇ ನಿಂತು, ಆಮೇಲೆ ಹೋಯಿತು.

"ಇದು ಯಾವುದಕ್ಕೆ ಅರ್ದಿದ್ದಣ್ಣ?"

ರಾತ್ರಿಯ ಸಾರಿಗೆ ಎನ್ನಬಹುದಿತ್ತು. ಅಷ್ಟು ದೊಡ್ಡ ಉಂಡೆ ರಾತ್ರಿಯ ಸಾರಿಗೆ ಎಂದರೆ ಮಗುವೂ ನಂಬದು, ಆದರೂ ಎನ್ನಬಹುದಿತ್ತು. ಬೊಮ್ಮಯ್ಯ ನಂಬಿದಂತೆ ಮಾಡಿಯಾನು.

"ಎರಡನೇ ಬೋಗಾಣಿಗೆ" ಎಂದ ಹೊನ್ನೂರಪ್ಪ.

"ಗೊತ್ತಿತ್ತಾ ನಿಂಗೆ? ಹಿಂಗಾಯ್ತದೆ ಅಂತ?"

"ಗೊತ್ತಿತ್ತು. ನಿನ್ನ ಬಾಟ್ಲಿಯಾಗಿಂದು ಕದ್ದು ಕುಡಿದು ನೋಡಿದ್ದೆ."

ಬೊಮ್ಮಯ್ಯ ಕೋಟನ್ನು ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. ಈ ಸಲ ಅಂಚಿಗೆ ಅಂಚು ಸೇರಿಸಿ, ಬಹಳ ಹೊತ್ತು ತೆಗೆದುಕೊಂಡು. ಹೊರಗೆ ಓಬಯ್ಯ ಕುರ್ಚಿ ಎಳೆಯುವ ಸದ್ದು. ಹೊನ್ನೂರಪ್ಪ ಉಂಡೆಯನ್ನು ಕಲ್ಲಿನ ಮೇಲಿಂದ ಎತ್ತಿ ಬಟ್ಟಲಿಗೆ ಹಾಕಿದ. ಈಗಲೇ ಹೋಗಿ ದೊರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಬಳ್ಳಾರಿಗೆ ನೀನೇ ಹೋಗು ಎಂದು ಹೇಳಿದ. ಹೇಳುವಾಗ ತಾನು ನಿಜವಾಗಿ ಹೋಗುತ್ತೇನೋ ಇಲ್ಲವೋ ಎಂದು ಅವನಿಗೇ ಖಾತ್ರಿಯಿರಲಿಲ್ಲ.

"ಹೇಳ್ಬ್ಯಾಡ" ಎಂದ ಬೊಮ್ಮಯ್ಯ. "ಹೇಳಿದ್ರೆ ನಿಂಗೆ ಹಗುರ ಆಯ್ತದೆ. ಹೊತ್ಕಂಡೋಗು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಂತೆಯಲ್ಲಿ ಒಂದು ಮೂಟೆಯನ್ನು ತೋರಿಸಿ ಇದು ನಿನ್ನದು ಎಂದು ಹೇಳುವ ಹಾಗೆ ಹೇಳಿದ. ಇದನ್ನು ದೊರೆಯ ಕಿವಿಗೆ ಹಾಕಿ ತಾನೇ ಬಳ್ಳಾರಿಗೆ ಹೋಗಬಹುದಾಗಿದ್ದವನು ಹಾಗೆ ಮಾಡುವುದಿಲ್ಲ ಎನ್ನುವುದು ಹೊನ್ನೂರಪ್ಪನಿಗೆ ಸ್ಪಷ್ಟವಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು. ನಾಲಿಗೆಯನ್ನಾದರೂ ಕಲಿಯಬಹುದು, ಇದನ್ನು ಎಲ್ಲಿಂದ ಕಲಿಯುವುದು?

ಬೊಮ್ಮಯ್ಯ ತಟ್ಟೆ ತೆಗೆದುಕೊಂಡು ನೆಲದ ಮೇಲೆ ಕೂತ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊನ್ನೂರಪ್ಪ ಎರಡನೆಯ ಬೋಗಾಣಿಯಿಂದ ಬಡಿಸಿದ. ಬಡಿಸಿ, ಸೌಟು ಹಿಡಿದು ಪಕ್ಕದಲ್ಲೇ ನಿಂತ. ಒಳಗೆ ಅತಿಥಿಗಳು ಚಪ್ಪಾಳೆ ತಟ್ಟಿದ್ದು ಯಾವುದೋ ಬೇರೆ ಮನೆಯಲ್ಲಿ ಆದ ಹಾಗಿತ್ತು. ಹದಿನಾಲ್ಕು ವರ್ಷದಲ್ಲಿ ಯಾರ ಬಾಯಿಯ ಮಾತಿಗೂ ಅವನು ಹೀಗೆ ಕಾದಿರಲಿಲ್ಲ.

ಬೊಮ್ಮಯ್ಯ ಕಣ್ಣು ತೆರೆದುಕೊಂಡೇ ಉಂಡ. ಮೂಳೆ ಚೀಪಿ ತಟ್ಟೆಯ ಅಂಚಿಗೆ ಇಟ್ಟ. ಇನ್ನೊಂದು ಸೌಟಿಗೆ ತಟ್ಟೆ ಚಾಚಿದ, ಹಾಕಿಸಿಕೊಂಡ, ಅದನ್ನೂ ಉಂಡ. ಚೆನ್ನಾಗಿದೆ ಎನ್ನಲಿಲ್ಲ.